ಹಾಲಿನಕ್ಕನ ಬ್ಲೌಸಿಗೆ ಚುಚ್ಚಿದ ಚೀಟಿ

ನಾನು ಹೊಟ್ಟೆಕಿಚ್ಚಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೋ ಕಂಡುಹಿಡಿದು ಹೇಳುವುದು ಬೇಡ. ಚಿಕ್ಕಂದಿನಲ್ಲಿ ಪಕ್ಕದ ಬೆಂಚಿನವಳ ಜಾಮಿಟ್ರಿ ಬಾಕ್ಸ್ ನೋಡಿ ಉರಿದುಕೊಂಡಿದ್ದೆ. ನನ್ನ ಮದುವೆಯ ದಿನ ನನ್ನ ತಂಗಿಯ ಜಡೆ ನೋಡಿ ಉರಿದುಕೊಂಡಿದ್ದೆ. ಅವೆಲ್ಲ ನನ್ನ ಹೊಟ್ಟೆಯೊಳಗೇ ಹುಟ್ಟಿ ಅಲ್ಲೇ ತಣ್ಣಗಾದವು. ಇನ್ನೊಬ್ಬರ ಬೆನ್ನು ಬಯಲಾಗುವ ತನಕ ಹೋದದ್ದು ಒಂದೇ ಸಲ, ದೊಡ್ಡ ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಪಾಠ ಮಾಡಲು ಕೂತ ವರ್ಷ.

ದೊಡ್ಡವಳಿಗೆ ಆಗ ಆರು ವರ್ಷ, ಚಿಕ್ಕವಳಿಗೆ ಮೂರು. ನಾವಿರುವುದು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ. ಬೆಳಿಗ್ಗೆ ಎಂಟಕ್ಕೆ ಬೀದಿಯ ತುದಿಯಲ್ಲಿ ಶಾಲೆಯ ವ್ಯಾನಿನ ಹಾರ್ನ್ ಕೇಳಿದರೆ ಸಾಕು, ದೊಡ್ಡವಳು ತಿಂದ ಇಡ್ಲಿಯನ್ನೆಲ್ಲ ಯೂನಿಫಾರ್ಮಿನ ಮೇಲೆ ಕಾರಿಕೊಳ್ಳುತ್ತಿದ್ದಳು. ದಿನಾ. ವ್ಯಾನಿನ ಡ್ರೈವರ್ ನಮ್ಮ ಮನೆ ಮುಂದೆ ಹಾರ್ನ್ ಹೊಡೆಯುವುದನ್ನೇ ಬಿಟ್ಟ, ಪಾಪ. ಶಾಲೆಯವರು ಕರೆಸಿ, ಮಗು ಓದಿನಲ್ಲಿ ವೀಕ್, ಅಕ್ಷರ ಕೂಡಿಸಲು ಬರುವುದಿಲ್ಲ, ಟ್ಯೂಷನ್ನಿಗೆ ಹಾಕಿ ಅಂದರು. ನನ್ನ ಮೈ ಉರಿಯಿತು. ನಾನು ಬಿ.ಎಡ್. ಮಾಡಿದವಳು. ಮದುವೆಯ ಮುಂಚೆ, ಆಮೇಲೆ ಸೇರಿ ಆರು ವರ್ಷ ಖಾಸಗಿ ಶಾಲೆಯಲ್ಲಿ ಪಾಠ ಮಾಡಿದವಳು. ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದ ನನಗೆ ಸ್ವಂತ ಮಗಳಿಗೆ ತಿದ್ದಿಸಲು ಬರುವುದಿಲ್ಲವೇ? ಟಿ.ಸಿ. ಕೊಡಿ ಅಂದೆ.

ನನ್ನ ಗಂಡನಿಗೆ ಹರಿಹರದ ಕಾರ್ಖಾನೆಯೊಂದರಲ್ಲಿ ಕೆಲಸ. ಮಾತು ಕಡಿಮೆ, ಆಡಿದರೆ ಅಳೆದಂತೆ ಆಡುತ್ತಾರೆ. "ಯುಗಾದಿ ತನಕ ನೋಡು," ಅಂದರು. "ಅಷ್ಟರಾಗ ಅವಳು ಓದಿದ್ರೆ ಮನ್ಯಾಗೇ ಇರ್ಲಿ. ಇಲ್ಲಾಂದ್ರ ವ್ಯಾನು ಮತ್ತ ಬರ್ತೈತೆ. ಆಮೇಲೆ ಅಳೋದು ಕರೆಯೋದು ನಡಿಯಂಗಿಲ್ಲ, ಅವಳದೂ ಅಷ್ಟೇ, ನಿಂದೂ ಅಷ್ಟೇ."

ಆಗಲಿ ಅಂದೆ. ನಡುಮನೆಯ ಗೋಡೆಗೆ ವರ್ಣಮಾಲೆಯ ಚಾರ್ಟ್ ಅಂಟಿಸಿದೆ. ಟೈಮ್‌ಟೇಬಲ್ ಬರೆದೆ. ಪೂಜೆಯ ಗಂಟೆಯನ್ನೇ ಪೀರಿಯಡ್ ಗಂಟೆ ಮಾಡಿಕೊಂಡೆ. ಈಗ ನೆನೆದರೆ ನಗು ಬರುತ್ತದೆ, ಹಾಜರಿ ಕೂಡ ಕೂಗುತ್ತಿದ್ದೆ! ಇಬ್ಬರೇ ಮಕ್ಕಳು, ಎದುರಿಗೇ ಕೂತಿದ್ದಾರೆ, ಆದರೂ ಕೂಗಬೇಕು, ಅವರು "ಯಸ್ ಮಿಸ್" ಅನ್ನಬೇಕು. ಚಿಕ್ಕವಳಿಗೆ ಅದೊಂದು ಆಟ. ದೊಡ್ಡವಳು ಮಾತ್ರ ಚಾರ್ಟಿನ ಕಡೆ ತಿರುಗಿದ ಕೂಡಲೇ ಭುಜ ಮೇಲೆತ್ತಿ ಕತ್ತನ್ನು ಒಳಗೆಳೆದುಕೊಳ್ಳುತ್ತಿದ್ದಳು. "ಇದೇನು?" ಅಂದರೆ ನನ್ನ ಮುಖ ನೋಡುತ್ತಿದ್ದಳು, ಅಕ್ಷರವನ್ನಲ್ಲ. ನನ್ನ ಹುಬ್ಬು ಎಷ್ಟು ಗಂಟಾಗಿದೆ ಅಂತ ನೋಡಿ ಉತ್ತರ ಊಹಿಸುತ್ತಿದ್ದಳು. ಜೂನ್ ಹೋಯಿತು, ಶ್ರಾವಣ ಹೋಯಿತು, ಗಣಪತಿ ಬಂದು ನೀರಿಗೆ ಹೋದ. ಎರಡು ಅಕ್ಷರದ ಪದವನ್ನೂ ಅವಳು ಕೂಡಿಸಲಿಲ್ಲ.

ಎದುರು ಮನೆಯ ಹೆಂಗಸು ಗೇಟಿನಲ್ಲಿ ನಿಂತು, "ಸೀಟ್ ಸಿಗಲಿಲ್ಲೇನ್ರಿ? ನಮ್ಮೋರಿಂದ ಹೇಳಿಸ್ಲಾ?" ಅಂತ ಕೇಳುತ್ತಿದ್ದಳು. ಅವಳ ಮಗ ಸಂಜೆ ಕಾಂಪೌಂಡಿನ ಮೇಲೆ ಕೂತು ಪದ್ಯ ಒದರುತ್ತಿದ್ದ. ಆ ಹುಡುಗನ ಗಂಟಲು ಒಂದು ದಿನವಾದರೂ ಕಟ್ಟಬಾರದೇ ಅಂತ ನಾನು ಒಳಗೇ ಹಾರೈಸುತ್ತಿದ್ದೆ. ಮಗುವಿಗೆ ಅಂಥ ಹಾರೈಕೆ! ಆದರೂ ಹಾರೈಸಿದೆ, ಸುಳ್ಳು ಯಾಕೆ ಹೇಳಲಿ?

ಶನಿವಾರ ನಾವು ಹರಿಹರಕ್ಕೆ ಹೋಗುವುದು ರೂಢಿ. ಅಲ್ಲಿ ಅತ್ತೆ ಇದ್ದಾರೆ, ಮೈದುನ ಮತ್ತು ಅವನ ಹೆಂಡತಿ, ಅಂದರೆ ನನ್ನ ವಾರಗಿತ್ತಿ ಇದ್ದಾಳೆ. ವಾರಗಿತ್ತಿ ಓದಿದ್ದು ಏಳನೇ ಕ್ಲಾಸು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ಅವಳಿಗೆ ಮಕ್ಕಳಿಲ್ಲ. ನನ್ನ ಮಕ್ಕಳು ಬಾಗಿಲಲ್ಲಿ ಕಂಡರೆ ಯಂತ್ರದ ಗಾಲಿಗೆ ಕೈ ಹಿಡಿದು ನಿಲ್ಲಿಸಿ, "ಬರ್ರಿ ನನ್ನ ಗಿರಾಕಿ, ಕೂಡ್ರಿ!" ಅನ್ನುತ್ತಾಳೆ. ಅವಳ ಬಗ್ಗೆ ಮೂಗು ಮುರಿಯುವಂಥದ್ದು ಏನೂ ಇಲ್ಲ. ಅದೇ ನನಗೆ ಕಷ್ಟ.

ಬಟ್ಟೆ ಕೊಡುವ ಹೆಂಗಸರು ಬ್ಲೌಸ್ ಪೀಸಿನ ಜೊತೆ ಹಳೇ ಅಳತೆ ಬ್ಲೌಸ್ ಒಂದನ್ನು ತರುತ್ತಾರೆ. ಅವೆರಡನ್ನೂ ಸುತ್ತಿ ಗಂಟು ಮಾಡಿ, ಮೇಲೊಂದು ಚೀಟಿಯನ್ನು ಗುಂಡುಸೂಜಿಯಿಂದ ಚುಚ್ಚಿ ಶೆಲ್ಫಿನಲ್ಲಿಡುವುದು ವಾರಗಿತ್ತಿಯ ಪದ್ಧತಿ. ಕೊರಳು ಹೇಗೆ, ತೋಳು ಹೇಗೆ ಎಲ್ಲ ಚೀಟಿಯಲ್ಲೇ. ಹೊಲಿದಾದ ಮೇಲೆ ಚೀಟಿ ಬಿಚ್ಚಿ ಅಳತೆ ಬ್ಲೌಸಿನ ಜೊತೆ ಇಡುತ್ತಾಳೆ, ಗಿರಾಕಿಗಳು ತಮ್ಮ ಅಳತೆ ಬ್ಲೌಸ್ ಗುರುತಿಸಿ ಒಯ್ಯುತ್ತಾರೆ. ಆದರೆ ಅವಳು ಗಿರಾಕಿಗಳ ಹೆಸರು ಬರೆಯುವುದಿಲ್ಲ. "ಒಂದೇ ಹೆಸರಿನೋರು ಆರು ಮಂದಿ ಅದಾರಕ್ಕ, ಯಾರದು ಅಂತ ತಿಳ್ಕೊಳ್ಳಿ?" ಅನ್ನುತ್ತಾಳೆ. ಅದಕ್ಕೆ ತಾನೇ ಹೆಸರಿಟ್ಟುಬಿಟ್ಟಿದ್ದಾಳೆ. ಗೇಟ್ ಹತ್ತಿರದ ಸಿಟ್ಟಿನ ಟೀಚರ್. ಮೂರು ಸಲ ಫೋನ್ ಮಾಡಾಕಿ. ಬಾತಿ ಹಾಲಿನಕ್ಕ. ನಾಳೆ ಅಂದ್ರೆ ನಾಳೆ ಬೇಕು ಅನ್ನಾಕಿ.

ದೀಪಾವಳಿಯ ಮುಂಚಿನ ಒಂದು ಶನಿವಾರ. ನಾನು ಅಡುಗೆಮನೆಯಲ್ಲಿ ಮೆಣಸಿನಕಾಯಿ ಸೀಳುತ್ತಿದ್ದೆ. ಮುಂದಿನ ಕೋಣೆಯಿಂದ ದೊಡ್ಡವಳ ನಗು ಕೇಳಿತು. ಕತ್ತು ಒಳಗೆಳೆದುಕೊಳ್ಳುವ ಮಗುವಿನ ನಗುವಲ್ಲ, ಹೊಟ್ಟೆ ಹಿಡಿದುಕೊಂಡು ನಗುವ ನಗು. ಆಮೇಲೆ ದನಿ. "ಗೇ...ಟ್ ಹತ್ತಿ...ರದ ಸಿ...ಟ್ಟಿನ... ಚಿಕ್ಕಮ್ಮ, ಸಿಟ್ಟಿನ ಟೀಚರ್!" ಮತ್ತೆ ನಗು. ವಾರಗಿತ್ತಿ, "ಮೆಲ್ಲಕೆ ಓದೇ ತಾಯಿ, ಅವರು ರಸ್ತ್ಯಾಗ ಬರ್ತಿದ್ರೆ ಕೇಳಿಸ್ತೈತಿ," ಅಂದಳು.

ನನ್ನ ಕೈಯಲ್ಲಿನ ಮೆಣಸಿನಕಾಯಿ ಕೈಯಲ್ಲೇ ಉಳಿಯಿತು. ತಾಯಿಯಾದವಳು ಓಡಿಹೋಗಿ ಮಗುವನ್ನು ಎತ್ತಿ ಮುದ್ದಾಡಬೇಕಿತ್ತು. ನನಗೆ ಬಂದದ್ದು ಹೊಟ್ಟೆಕಿಚ್ಚು. ನಾಲ್ಕೂವರೆ ತಿಂಗಳು ನಾನು ಗಂಟಲು ಹರಿದುಕೊಂಡಿದ್ದೇನೆ. ಚಾರ್ಟ್, ಗಂಟೆ, ಬಣ್ಣದ ಚಾಕ್‌ಪೀಸು, ಮೊಬೈಲಿನಲ್ಲಿ ನೋಡಿ ಕಲಿತ ನೂರೆಂಟು ಉಪಾಯ. ಇವಳು ಏಳನೇ ಕ್ಲಾಸಿನವಳು, ಕಾಲಲ್ಲಿ ಯಂತ್ರ ತುಳಿಯುತ್ತಾ, ಬಾಯಲ್ಲಿ ದಾರ ಕಚ್ಚಿಕೊಂಡು, ಪಾಠ ಅಂತ ಒಂದು ದಿನ ಹೇಳದೆ ನನ್ನ ಮಗಳಿಗೆ ಓದಿಸಿಬಿಟ್ಟಳೇ!

ಅಷ್ಟೇ ಅಲ್ಲ, ಆಗಲೇ ಚೀಟಿ ಬರೆಯುವ, ಚುಚ್ಚುವ ಕೆಲಸವನ್ನೂ ಮಗಳಿಗೇ ಒಪ್ಪಿಸಿದ್ದಳು. ವಾರಗಿತ್ತಿ ಹೇಳಬೇಕು, ಇವಳು ನಾಲಿಗೆ ಕಚ್ಚಿಕೊಂಡು ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ತಪ್ಪಾದರೆ ವಾರಗಿತ್ತಿ ಇನ್ನೊಂದು ಚೀಟಿ ಕೊಡುತ್ತಿದ್ದಳು, ಅಷ್ಟೇ. ಹುಬ್ಬು ಗಂಟಿಲ್ಲ.

ಮನೆಗೆ ಬಂದು ಚಾರ್ಟಿನ ಮುಂದೆ ನಿಲ್ಲಿಸಿದೆ. ಮಗಳು ಮತ್ತೆ ಕತ್ತನ್ನು ಒಳಗೆಳೆದುಕೊಂಡಳು. "ಅಲ್ಲಿ ಓದ್ತಿ, ಇಲ್ಲಿ ಯಾಕ ಓದಲ್ಲ?" ಅಂದೆ. "ಅಲ್ಲಿ ಓದೋದಲ್ಲಮ್ಮ, ಅಲ್ಲಿ ಕೆಲ್ಸ," ಅಂದಳು. ಸರಿ, ಇವಳು ಓದುತ್ತಿಲ್ಲ, ಗಂಟು ಎಲ್ಲಿದೆ, ಯಾವ ಬಣ್ಣದ್ದು ಅಂತ ಗುರುತಿಟ್ಟುಕೊಂಡು ಗಿಳಿಯ ಹಾಗೆ ಒಪ್ಪಿಸುತ್ತಿದ್ದಾಳೆ ಅಂತ ನಾನು ನಿರ್ಧರಿಸಿದೆ. ಹಾಗೆ ಅಂದುಕೊಂಡ ಮೇಲೆ ಆ ವಾರ ಚೆನ್ನಾಗಿ ಊಟ ಸೇರಿತು.

ಮುಂದಿನ ಶನಿವಾರ ಅದನ್ನು ಸಾಬೀತು ಮಾಡಲು ಹೊರಟೆ. ಒಂದು ಮದುವೆ ಮನೆಯವರು ಒಂದೇ ಥಾನಿನ ಮೆರೂನ್ ರೇಷ್ಮೆ ಬಟ್ಟೆ ತಂದು ಮನೆಯ ಹೆಂಗಸರಿಗೆಲ್ಲ ಬ್ಲೌಸ್ ಹೊಲಿಯಲು ಕೊಟ್ಟಿದ್ದರು. ಅದರಲ್ಲಿ ಇಬ್ಬರು ಅಕ್ಕತಂಗಿಯರು, ಅಕ್ಕ ಮೈತುಂಬಿದವರು, ತಂಗಿ ತೆಳ್ಳಗೆ. ಅಕ್ಕ ಹರಿಹರದ ದಾರಿಯಲ್ಲಿರುವ ಬಾತಿ ಹಳ್ಳಿಯಲ್ಲಿ ಎಮ್ಮೆ ಕಟ್ಟಿಕೊಂಡು ಹಾಲು ಹಾಕುವವರು. ಅವರ ಚೀಟಿಯಲ್ಲಿ "ಬಾತಿ ಹಾಲಿನಕ್ಕ, ಕೊರಳು ಮೇಲಕ್ಕೆ, ತೋಳು ಮೊಣಕೈ ತನಕ" ಅಂತಿತ್ತು. ತಂಗಿ ದಾವಣಗೆರೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟವಳು. ಅವಳ ಚೀಟಿಯಲ್ಲಿ "ಪಾರ್ಲರ್ ತಂಗಿ, ಬೆನ್ನು ಡೀಪು, ದಾರ, ಗೊಂಡೆ" ಅಂತಿತ್ತು. ಎರಡೂ ನನ್ನ ಮಗಳ ಕೈಬರಹ. ಎರಡು ಗಂಟೂ ಒಂದೇ ಬಣ್ಣ, ಒಂದು ಮೇಲಿನ ಶೆಲ್ಫಿನಲ್ಲಿ, ಇನ್ನೊಂದು ಕೆಳಗಿನದರಲ್ಲಿ. ವಾರಗಿತ್ತಿ ಇಬ್ಬರು ಮಕ್ಕಳನ್ನೂ ಕರೆದುಕೊಂಡು ದಾರ ತರಲು ಅಂಗಡಿಗೆ ಹೋಗಿದ್ದಳು. ನಾನು ಎರಡೂ ಚೀಟಿ ಬಿಚ್ಚಿ ಅದಲುಬದಲು ಮಾಡಿ ಚುಚ್ಚಿದೆ.

ಅವರು ಬಂದ ಮೇಲೆ, ಏನೂ ತಿಳಿಯದವಳ ಹಾಗೆ, "ಹಾಲಿನಕ್ಕನ ಗಂಟು ಕೊಡು ನೋಡೋಣ," ಅಂದೆ. ಮಗಳು ರೂಢಿಯಂತೆ ಮೇಲಿನ ಶೆಲ್ಫಿಗೆ ಕೈ ಹಾಕಿದಳು. ನನ್ನ ಎದೆ ಹಿಗ್ಗಿತು, ನೋಡಿದೆಯಾ, ಗಿಳಿ! ಅಷ್ಟರಲ್ಲಿ ಕೈ ನಿಂತಿತು. ಚೀಟಿಯ ಮೇಲೆ ಬೆರಳಾಡಿಸಿದಳು, ತುಟಿ ಅಲ್ಲಾಡಿತು. ಕೈ ಹಿಂದಕ್ಕೆ ತೆಗೆದು, ಕೆಳಗಿನ ಗಂಟಿನ ಚೀಟಿಯನ್ನು ಮೊದಲಿಂದ ಕೊನೆಯ ತನಕ ಓದಿ, ಅದನ್ನು ತಂದು ನನ್ನ ಮಡಿಲಿಗಿಟ್ಟಳು. "ಇದು ಮ್ಯಾಲಿತ್ತು ಅನ್ಕೊಂಡಿದ್ದೆ," ಅಂತ ಮಾತ್ರ ಅಂದಳು.

ಓದುತ್ತಿದ್ದಳು. ನಿಜವಾಗಿ ಓದುತ್ತಿದ್ದಳು. ನಾನು ಎದ್ದು ಹಿತ್ತಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ಅಳು ಬಂದಿತ್ತು, ಅದು ಖುಷಿಯ ಅಳು ಅಂತ ಬೇರೆಯವರಿಗೆ ಹೇಳಬಹುದು. ಚಿಕ್ಕವಳು ಅಷ್ಟರಲ್ಲಿ ಚಡ್ಡಿ ಒದ್ದೆ ಮಾಡಿಕೊಂಡು ಕಿರುಚಿದಳು, ಐದೂವರೆಯ ಬಸ್ಸಿಗೆ ಹೊತ್ತಾಯಿತು ಅಂತ ಅತ್ತೆ ಕೂಗಿದರು, ನಾನು ಬ್ಯಾಗು ಹೆಗಲಿಗೇರಿಸಿ ಹೊರಟುಬಿಟ್ಟೆ. ಚೀಟಿಗಳನ್ನು ಮೊದಲಿನಂತೆ ಮಾಡಲಿಲ್ಲ.

ಮರೆತೆ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಬಸ್ಸು ಬಾತಿಯಲ್ಲಿ ನಿಂತಾಗ ಹಾಲಿನ ಕ್ಯಾನು ಹಿಡಿದ ಯಾರೋ ಹತ್ತಿದರು, ನನಗೆ ನೆನಪಾಯಿತು. ಫೋನ್ ಕೈಯಲ್ಲೇ ಇತ್ತು. ವಾರಗಿತ್ತಿಯ ನಂಬರ್ ತೆಗೆದೆ. ಏನಂತ ಹೇಳಲಿ? ಚೀಟಿ ಬದಲಾಗಿವೆ ಅಂದರೆ, ಯಾಕೆ ಬದಲಿಸಿದಿರಿ ಅಕ್ಕ ಅನ್ನುತ್ತಾಳೆ. ನನ್ನ ಮಗಳು ಓದುತ್ತಿಲ್ಲ ಅಂತ ತೋರಿಸಲು, ಅಂತ ಹೇಳಬೇಕೇ? ಕತ್ತರಿಸುವ ಮುಂಚೆ ಅವಳೇ ಅಳತೆ ಬ್ಲೌಸ್ ನೋಡುತ್ತಾಳೆ ಬಿಡು, ತಿಳಿಯುತ್ತದೆ ಅಂದುಕೊಂಡೆ. ಫೋನನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದೆ.

ಮುಂದಿನ ಶನಿವಾರ ನಾವು ಹೋದಾಗ ಹಾಲಿನಕ್ಕ ಅಲ್ಲೇ ಇದ್ದರು, ಮೆರೂನ್ ಬ್ಲೌಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು. ಬೆನ್ನಿನ ಜಾಗದಲ್ಲಿ ಒಂದು ತಟ್ಟೆಯಷ್ಟು ಕಿಟಕಿ, ಕೆಳಗೆ ಜೋಡಿ ಗೊಂಡೆ. "ಅಲ್ಲಬೇ, ಈ ವಯಸ್ನ್ಯಾಗ ನಾನು ಬೆನ್ನು ಬಿಟ್ಕಂಡು ಹೋಗಿ ಯಾರಿಗೆ ತೋರಿಸ್ಲಿ? ನಮ್ಮ ಎಮ್ಮಿಗಾ?" ಅಂದರು. ಅವರ ತಂಗಿಗೆ ಕತ್ತಿನ ತನಕ ಮುಚ್ಚಿದ ಬ್ಲೌಸ್ ಆಗಿತ್ತಂತೆ. ಅಳತೆ ಬೇರೆ ಬೇರೆ, ಅದಲುಬದಲು ಮಾಡಿಕೊಳ್ಳುವಂತೆಯೂ ಇರಲಿಲ್ಲ. ಮುಚ್ಚಿದ್ದನ್ನು ಕತ್ತರಿಸಿ ಸರಿಮಾಡಬಹುದು. ಕತ್ತರಿಸಿದ್ದನ್ನು ಏನು ಮಾಡುವುದು? ಆ ಥಾನಿನ ಬಟ್ಟೆ ಮುಗಿದಿತ್ತು, ಮದುವೆಗೆ ಎರಡು ದಿನ.

"ತಪ್ಪು ನಂದೇ ಅಕ್ಕ, ಗಡಿಬಿಡಿ ಆತು," ಅಂದಳು ವಾರಗಿತ್ತಿ. ಅತ್ತೆ ಬಿಡಲಿಲ್ಲ. "ನಿಂದ್ಯಾಕ? ಮಗು ಕೈಯಾಗ ಚೀಟಿ ಕೊಟ್ರೆ ಇನ್ನೇನಾಗ್ತೈತೆ! ಓದಾಕ ಬರಲ್ಲ ಅಂತ ಸಾಲಿಯೋರೇ ಹೇಳ್ಯಾರ, ಇವ್ಳು ಅದ್ರಾಗ ಚೀಟಿ ಚುಚ್ಚಾಕತ್ಲು."

ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳ ಭುಜ ಮೇಲಕ್ಕೆ ಹೋಯಿತು, ಕತ್ತು ಒಳಗೆ ಹೋಯಿತು. ಆ ಕೋಣೆಯಲ್ಲಿ ಅವಳು ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಬಗ್ಗಿ ಚಿಕ್ಕವಳ ಚಪ್ಪಲಿಯ ಪಟ್ಟಿ ಬಿಚ್ಚತೊಡಗಿದೆ. ವಾರಗಿತ್ತಿ ಬೆನ್ನಿಗೆ ಬೇರೆ ಬಟ್ಟೆಯ ತೇಪೆ ಹಾಕಿ, ಮೇಲೆ ಲೇಸು ಕೂರಿಸಿಕೊಟ್ಟಳು. ಹಾಲಿನಕ್ಕ ಮದುವೆಯಲ್ಲಿ ಪೂರ್ತಿ ಹೊತ್ತು ಸೆರಗು ಹೊದ್ದೇ ಓಡಾಡಿದರಂತೆ.

ಆಮೇಲಿನ ಮೂರು ವಾರ ನಾನು ಬಯಸಿದ್ದೆಲ್ಲ ನನಗೆ ಸಿಕ್ಕಿತು. ಮಗಳು ಹರಿಹರಕ್ಕೆ ಬರಲ್ಲ ಅಂದಳು. ಚಿಕ್ಕಮ್ಮನ ಫೋನ್ ಬಂದರೆ ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಇಡೀ ದಿನ ನನ್ನ ಮುಂದೆಯೇ, ನನ್ನ ಚಾರ್ಟಿನ ಮುಂದೆಯೇ ಕೂತಿರುತ್ತಿದ್ದಳು, ನನ್ನವಳೇ ಆಗಿ. ಆದರೆ ಓದುತ್ತಿರಲಿಲ್ಲ. ಹರಿಹರದಲ್ಲಿ ಓದಿದ್ದ ಪದಗಳೂ ಬರಲಿಲ್ಲ. ಒಂದು ದಿನ ಸಂತೆಯಿಂದ ಬರುವಾಗ ಮುಂದೆ ಬಸ್ಸೊಂದು ನಿಂತಿತ್ತು. ಬೋರ್ಡು ತೋರಿಸಿ, "ಇದು ಎಲ್ಲಿಗೆ ಹೋಗುತ್ತೆ, ಹೇಳು ಪುಟ್ಟಿ," ಅಂದೆ. ಅವಳು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು.

"ಬ್ಯಾಡಮ್ಮ, ನೀನೇ ಓದು. ನಾನು ಓದಿದ್ರೆ ಮಂದಿ ಬಟ್ಟೆ ಹಾಳಾಗ್ತೈತೆ."

ತರಕಾರಿ ಚೀಲ ಹಿಡಿದುಕೊಂಡೇ ಆ ಬಸ್ಸು ಹತ್ತಿದೆ, ಇಬ್ಬರು ಮಕ್ಕಳನ್ನೂ ಎಳೆದುಕೊಂಡು. ಅದು ಹರಿಹರದ ಬಸ್ಸೇ ಆಗಿತ್ತು.

ವಾರಗಿತ್ತಿ ಯಂತ್ರದ ಮುಂದೆ, ಅತ್ತೆ ಮಣೆಯ ಮೇಲೆ ಕೂತಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಹೇಳಿದೆ. ನಿಧಾನ ಮಾಡಿದರೆ ಧೈರ್ಯ ಹೋಗುತ್ತದೆ ಅಂತ ಗೊತ್ತಿತ್ತು. "ಚೀಟಿ ಬದಲಿಸಿದ್ದು ನಾನು. ಅವಳು ಸರಿಯಾಗೇ ಚುಚ್ಚಿದ್ದಳು. ನಾನೇ ಬಿಚ್ಚಿ ಬದಲಿಸಿ, ಹಾಗೇ ಬಿಟ್ಟು ಹೋದೆ. ನೆನಪಾದ ಮೇಲೂ ಹೇಳಲಿಲ್ಲ."

ಅತ್ತೆಯ ಬಾಯಿ ತೆರೆದೇ ಇತ್ತು. ವಾರಗಿತ್ತಿ ಮಾತ್ರ ತಲೆ ಎತ್ತಲಿಲ್ಲ. "ಗೊತ್ತಿತ್ತು ಬಿಡ್ರಿ ಅಕ್ಕ," ಅಂದಳು.

"ಹೆಂಗೆ ಗೊತ್ತಾಯ್ತು?"

ಅವಳು ಡಬ್ಬಿಯಿಂದ ಎರಡು ಚೀಟಿ ತೆಗೆದಳು, ಗುಂಡುಸೂಜಿ ಸಮೇತ. "ಈಕಿ ಚುಚ್ಚಿದ್ರೆ ಮೊನಿ ಹೊರಗ ಇರ್ತೈತಿ, ದಿನಾ ನನ್ನ ಬೆರಳಿಗೆ ಒಂದು ತೂತು. ಇವು ನೋಡ್ರಿ, ಎರಡು ಸಲ ಒಳಗ ತಗಂಡು ಮೊನಿ ಮುಚ್ಚಿದ್ದು. ಪೇಪರ್ ಚುಚ್ಚಿದಂಗ, ಟೀಚರ್ ಕೈ. ಕತ್ತರಿ ಹಾಕೋ ಮುಂದ ನೋಡ್ಲಿಲ್ಲ, ಅದು ನಂದು ತಪ್ಪು. ಹಾಲಿನಕ್ಕ ಬಂದು ಹೋದ ಮ್ಯಾಲೆ ನೋಡ್ದೆ." ನನ್ನ ಮರ್ಯಾದೆ ಕಾಯಲು ಮೂರು ವಾರ ಬಾಯಿ ಮುಚ್ಚಿಕೊಂಡಿದ್ದಳು. ಅಯ್ಯೋ, ಆ ಕ್ಷಣದಲ್ಲೂ ನನಗೆ ಅವಳ ದೊಡ್ಡತನ ನೋಡಿ ಉರಿಯಿತು ಅಂದರೆ ನಂಬುತ್ತೀರಾ?

ಮಗಳು ನನ್ನ ಸೆರಗು ಜಗ್ಗಿದಳು. "ಯಾಕ ಬದಲಿಸ್ದೆ?"

"ಹೊಟ್ಟೆಕಿಚ್ಚು," ಅಂದೆ.

"ಹಂಗಂದ್ರೆ?"

"ನೀನು ಚಿಕ್ಕಮ್ಮನ ಹತ್ರ ಓದ್ದೆ, ನನ್ನ ಹತ್ರ ಓದ್ಲಿಲ್ಲ. ಅದಕ್ಕೆ ಹೊಟ್ಟೆಯೊಳಗೆ ಉರಿತಾ ಇತ್ತು. ನಿನಗೆ ಓದೋಕೆ ಬರಲ್ಲ ಅಂತ ತೋರಿಸಬೇಕು ಅನ್ನಿಸ್ತು."

ಅವಳು ಶೆಲ್ಫಿನ ಕಡೆ ತಿರುಗಿ ನೋಡಿದಳು. "ಅವತ್ತು ಗಂಟು ಮ್ಯಾಲೇ ಇತ್ತು ಅಲ್ಲ?"

"ಮೇಲೇ ಇತ್ತು ಕಣೇ."

"ನಾ ಹೇಳಿದ್ನಲ್ಲ!" ಅಂತ ಕಿರುಚಿ, ನನ್ನ ಹೊಟ್ಟೆಗೆ ಎರಡು ಗುದ್ದು ಗುದ್ದಿದಳು. ಆಮೇಲೆ ಅತ್ತಳು. ಅತ್ತು ಮುಗಿದ ಮೇಲೆ ಸಂಜೆಯ ತನಕ ನನ್ನ ಜೊತೆ ಮಾತು ಬಿಟ್ಟಳು. ನ್ಯಾಯವೇ.

ಗಂಡನಿಗೆ ಅವತ್ತೇ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, "ಪೂಜಿ ಗಂಟಿ ದೇವರ ಮನ್ಯಾಗ ಇಡು ಇನ್ಮ್ಯಾಲೆ," ಅಂದರು. ಚಾರ್ಟ್ ಕಿತ್ತುಹಾಕಿದೆ, ಹಾಜರಿ ನಿಲ್ಲಿಸಿದೆ. ವಾರಕ್ಕೆ ಎರಡು ದಿನ ಮಕ್ಕಳು ಹರಿಹರಕ್ಕೆ, ಉಳಿದ ದಿನ ನನ್ನ ಹತ್ತಿರ ಅಂತ ಆಯಿತು. ಅವಳು ಮೊದಮೊದಲು ಚೀಟಿ ಮುಟ್ಟಲಿಲ್ಲ. ವಾರಗಿತ್ತಿ ಬಾ ಅಂತಲೂ ಕರೆಯಲಿಲ್ಲ, ಪೆನ್ಸಿಲನ್ನು ಸುಮ್ಮನೆ ಯಂತ್ರದ ಮೂಲೆಯಲ್ಲಿ ಇಟ್ಟಿರುತ್ತಿದ್ದಳು.

ಗಂಡ ಗಡುವು ಹಾಕಿದ್ದ ಯುಗಾದಿ ಹತ್ತಿರ ಬಂತು. ಹಬ್ಬದ ಸೀರೆಗೆ ನಾನೂ ಒಂದು ಬ್ಲೌಸ್ ಪೀಸ್ ತೆಗೆದುಕೊಂಡು ಹೋಗಿ, ಅಳತೆ ಬ್ಲೌಸಿನ ಜೊತೆ ಯಂತ್ರದ ಮೇಲಿಟ್ಟು ಒಳಗೆ ಹೋದೆ. ಚಹಾ ಕುಡಿದು ಬರುವಷ್ಟರಲ್ಲಿ ಯಾರೋ ಅದನ್ನು ಸುತ್ತಿ ಗಂಟು ಮಾಡಿ ಶೆಲ್ಫಿನಲ್ಲಿಟ್ಟಿದ್ದರು. ಮೇಲೆ ಚೀಟಿ. ದೊಡ್ಡ ದೊಡ್ಡ ಅಕ್ಷರ, ಸೊಟ್ಟ ಸಾಲು. ಪಕ್ಕದಲ್ಲಿ ವಾರಗಿತ್ತಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

"ನಾನು ಹೇಳಿಕೊಟ್ಟಿಲ್ಲ ಅಕ್ಕ, ದೇವರಾಣೆ. ತಾನೇ ಬರದ್ಲು," ಅಂದಳು.

"ಹೊಟ್ಟೆಕಿಚ್ಚಿನ ಅಮ್ಮ. ಕೊರಳು ಮಾಮೂಲಿ. ಅರ್ಜೆಂಟ್ ಇಲ್ಲ."

ಮಗಳು ನನ್ನ ಹುಬ್ಬು ನೋಡಲಿಲ್ಲ, ಚೀಟಿಯನ್ನೇ ನೋಡುತ್ತಿದ್ದಳು. "ಓದು," ಅಂದಳು ನನಗೆ. ಗಟ್ಟಿಯಾಗಿ ಓದಿದೆ. ಅತ್ತೆ ಒಳಗಿನಿಂದ ನಕ್ಕರು. ಗಂಟನ್ನು ಶೆಲ್ಫಿನ ಒಳಗೆ ಸರಿಸಲು ಹೋದೆ, ಹೊರಗೆ ಚಾಚಿಕೊಂಡಿದ್ದ ಗುಂಡುಸೂಜಿಯ ಮೊನೆ ನನ್ನ ಬೆರಳಿಗೆ ಚುಚ್ಚಿ ರಕ್ತ ಬಂತು. ಸೂಜಿಯನ್ನು ಹಾಗೇ ಬಿಟ್ಟೆ.